ಕಣ್ಣು ತೆರೆಸುವ ಕೆಲಸ

ಹೇಸಿಗೆ ಅನ್ನುವ ಮಾತನ್ನು ನಾನು ಸುಮ್ಮಸುಮ್ಮನೆ ಆಡುವವಳಲ್ಲ. ಗೋಕಾಕದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಕೂತು ಎಷ್ಟೋ ವರ್ಷಗಳಿಂದ ಹೆಂಗಸರ ಬಟ್ಟೆ ಹೊಲಿಯುತ್ತಿದ್ದೇನೆ. ಬೆವರು ನಾರುವ ಅಳತೆ ಕುಬಸ, ಹಾಲು ಸೋರಿ ಒಣಗಿದ ಬಾಣಂತಿಯ ಜಂಪರು, ಎಲೆಅಡಿಕೆಯ ಕಲೆ ಹತ್ತಿದ ಸೆರಗು ಎಲ್ಲವನ್ನೂ ಈ ಕೈಯಲ್ಲೇ ಹಿಡಿದಿದ್ದೇನೆ. ಒಂದು ದಿನವೂ ಮೂಗು ಮುರಿದಿಲ್ಲ. ಆದರೆ ನನ್ನ ಅಂಗಡಿಯ ಬಾಜೂಕಿನ ಬಸವಲಿಂಗನ ಫೋಟೋ ಸ್ಟುಡಿಯೋ ನೆನೆಸಿಕೊಂಡರೆ ಈಗಲೂ ಆ ಮಾತೇ ಬಾಯಿಗೆ ಬರುತ್ತದೆ. ಮಮದಾಪುರದ ದ್ರಾಕ್ಷಾಯಿಣಿ ಚಿತ್ರ ಕಲಿಯಲು ಬಂದದ್ದು ಆ ಸ್ಟುಡಿಯೋಕ್ಕೇ. ಅವಳ ಕಥೆ ಹೇಳಬೇಕೆಂದರೆ ಅಲ್ಲಿಂದಲೇ ಶುರು ಮಾಡಬೇಕು. ನನ್ನ ಹೆಸರು ರಾಜೇಶ್ವರಿ. ನನ್ನದೇನೂ ದೊಡ್ಡ ಕಥೆಯಲ್ಲ, ಆದರೆ ನನ್ನನ್ನು ಒಂದು ಮಾತೂ ಕೇಳದೆ ಅದನ್ನೂ ಇದರಲ್ಲಿ ಎಳೆದು ತಂದಿದ್ದಾರೆ.

ನಮ್ಮಿಬ್ಬರ ಅಂಗಡಿಗಳ ನಡುವೆ ಇರುವುದು ಒಂದು ಪ್ಲೈವುಡ್ ಹಲಗೆ. ಆ ಕಡೆ ಅವನು ತೇಗಿದರೆ ಈ ಕಡೆ ನನಗೆ ಅವನು ಏನು ತಿಂದ ಎಂದು ಗೊತ್ತಾಗುತ್ತದೆ. ಸುಳ್ಳು ಯಾಕೆ ಹೇಳಲಿ, ಬಸವಲಿಂಗ ಒಂದು ಕಾಲಕ್ಕೆ ಒಳ್ಳೆಯ ಚಿತ್ರಗಾರ. ಕಬ್ಬಿನ ಟ್ರ್ಯಾಲಿಗಳ ಹಿಂದೆ ನವಿಲು ಬರೆಯುತ್ತಿದ್ದ. ಅವನ ನವಿಲು ನೋಡುತ್ತ ನಾನೂ ನಡುರಸ್ತೆಯಲ್ಲಿ ನಿಂತು ಬೈಸಿಕೊಂಡಿದ್ದೇನೆ. ಫ್ಲೆಕ್ಸ್ ಮಶೀನು ಬಂದ ಮೇಲೆ ಅವನ ಕುಂಚಗಳು ಡಬ್ಬಿಯಲ್ಲೇ ಒಣಗಿದವು. ಆದರೂ ಬಾಗಿಲ ಮೇಲಿನ ಹಳೆಯ ಬೋರ್ಡು ತೆಗೆಯಲಿಲ್ಲ. ‘ಇಲ್ಲಿ ಚಿತ್ರಕಲೆ ಕಲಿಸಲಾಗುವುದು’ ಎಂದು ಅದರಲ್ಲಿ ಚಂದದ ಅಕ್ಷರದಲ್ಲಿ ಬರೆದಿತ್ತು. ಅದನ್ನು ನಂಬಿದ ಪುಣ್ಯಾತ್ಗಿತ್ತಿ ಇವಳೊಬ್ಬಳೇ.

ಅವಳನ್ನು ಕರೆದುಕೊಂಡು ಬಂದವನು ಅವಳ ಅಪ್ಪ ಕೆಂಚಪ್ಪ. ಕಬ್ಬು, ಗೋವಿನಜೋಳ ಬೆಳೆಯುವ ಮನುಷ್ಯ. ಮಾತು ಕಡಿಮೆ, ಆಡಿದರೆ ತಿರುಗಿಸುವುದಿಲ್ಲ. ಬಟ್ಟೆಗೆ ಚುಚ್ಚುವ ಟಾಚಣಿ ಬಾಯಲ್ಲಿ ಕಚ್ಚಿಕೊಂಡು ಹಲಗೆಯ ಈ ಕಡೆ ಕೂತ ನನಗೆ ಎಲ್ಲವೂ ಕೇಳಿಸಿತು.

“ಮಾಸ್ತರ, ಈ ಹುಡುಗಿಗೆ ಚಿತ್ರದ ಹುಚ್ಚ ಹಿಡದೈತಿ. ಕೊಟ್ಟಿಗಿ ಗ್ವಾಡಿ ತುಂಬ ಇದ್ದಲಿಲೆ ಎಮ್ಮಿ ಬರದಾಳ. ಎಮ್ಮಿ ಎದುರಿಗೆ ಎಮ್ಮಿ ಚಿತ್ರ! ಏನ ಹೇಳೂದ್ರಿ ಇಕಿಗೆ? ಪಿಯುಸಿ ಮುಗದ ಮ್ಯಾಲೆ ಧಾರವಾಡಕ್ಕ ಚಿತ್ರದ ಕಾಲೇಜಿಗೆ ಹೋಗ್ತಾಳಂತ.”

“ಹೋಗ್ಲಿ ಬಿಡ್ರಿ, ಕಲಾ ಅಂದ್ರ ದೈವ ಕೊಟ್ಟದ್ದು,” ಅಂದ ಬಸವಲಿಂಗ. ಬಾಯಿ ತೆರೆದರೆ ದೈವ, ಕಲೆ. ಕೈ ಮಾತ್ರ ಮೌಸಿನ ಮೇಲೆ.

“ನನಗ ಇದರಾಗ ಏನೂ ತಿಳಿಯೂದಿಲ್ಲ. ಇಕಿ ಕೈ ಹೆಂಗೈತಿ ನೀವು ನೋಡ್ರಿ. ನೀವು ಹ್ಞೂ ಅಂದ್ರ ಕಳಸ್ತೀನಿ. ಊಹೂಂ ಅಂದ್ರ ಇಲ್ಲ. ಆಮ್ಯಾಲೆ ವರಾ ನೋಡೂದಷ್ಟ.”

ಅಷ್ಟಕ್ಕೆ ಮುಗಿಯಿತು. ಒಂದು ಹುಡುಗಿಯ ಬದುಕು ಬಸವಲಿಂಗನ ಹ್ಞೂಂಕಾರಕ್ಕೆ ಸಿಕ್ಕಿತು. ಅವಳಿಗೆ ಆಗ ಹದಿನಾರು. ಕಡ್ಡಿಯಂಥ ಕೈಕಾಲು, ಉಗುರು ತುಂಬ ಇದ್ದಿಲ ಕಪ್ಪು. ಒಳಗೆ ಕಾಲಿಟ್ಟವಳೇ ಸುತ್ತಲೂ ಕುಂಚ ಹುಡುಕಿದಳು. ಸಿಕ್ಕಿದ್ದು ಕಸಬರಿಗೆ. ಅದನ್ನೇ ತೆಗೆದುಕೊಂಡು ಗುಡಿಸಲು ನಿಂತಳು.

ಮುಂಜಾನೆ ಕಾಲೇಜು, ಮಧ್ಯಾಹ್ನ ಸ್ಟುಡಿಯೋ, ಸಂಜೆ ಮಮದಾಪುರದ ಬಸ್ಸು. ಮೊದಲ ಕೆಲವು ದಿನ ಅವಳ ಮುಂದೆ ಒಂದು ಕ್ಯಾಲೆಂಡರಿಟ್ಟು ಅದರ ಸೇಬು, ದ್ರಾಕ್ಷಿ ನೋಡಿ ಬರೆ ಅಂದ. ಅವಳು ಬರೆಯುವಾಗ ಇವನ ಗೊರಕೆ. ಆಮೇಲೆ ಒಂದು ದಿನ ಎದ್ದು, “ಕಾಗದದ ಕಾಲ ಮುಗೀತವ್ವಾ, ಈಗ ಕಲಾ ಅನ್ನೂದು ಕಂಪ್ಯೂಟರಿನ್ಯಾಗ ಐತಿ,” ಎಂದು ಉಪದೇಶ ಮಾಡಿ, ಅವಳನ್ನು ಕುರ್ಚಿಯ ಮೇಲೆ ಕೂಡಿಸಿ, ತಾನು ಚಹಾದಂಗಡಿಗೆ ನಡೆದ. ಅಲ್ಲಿಂದ ಅವಳ ಚಿತ್ರಾಭ್ಯಾಸ ಶುರುವಾಯಿತು ನೋಡಿ. ಥೂ, ಎಂಥ ಅಭ್ಯಾಸ! ಮೀಸೆ ಮೂಡದ ಪೋರರ ಹುಟ್ಟುಹಬ್ಬದ ಬ್ಯಾನರು. ಕೊರಳಿಗೆ ಇಲ್ಲದ ಚಿನ್ನದ ಸರ, ಹಿಂದೆ ಇಲ್ಲದ ಸಿಂಹ. “ಹುಲಿ ಬ್ಯಾಡ್ರಿ, ಹುಲಿ ಹ್ವಾದ ವಾರ ಅವನ ಬ್ಯಾನರಿನ್ಯಾಗ ಬಂತು, ನನಗ ಸಿಂಹ ಹಚ್ರಿ,” ಎಂದು ಅಳುಮುಖ ಮಾಡುವ ಗಂಡಸು ಮಕ್ಕಳನ್ನು ನಾನು ಅಲ್ಲೇ ಕಂಡೆ. ಲಗ್ನದ ಹುಡುಗಿಯರು ಬಂದರೆ ಅವರ ಕಪ್ಪು ಬಣ್ಣ ತೆಗೆಯಬೇಕು, ಗಲ್ಲ ಕೆಂಪು ಮಾಡಬೇಕು. ಹೆತ್ತ ತಾಯಿಯೇ ಪಕ್ಕದಲ್ಲಿ ನಿಂತು, “ಇನ್ನೊಂದೀಟ ಬೆಳ್ಳಗ, ಇನ್ನೊಂದೀಟ,” ಅನ್ನುವುದು ಹಲಗೆ ದಾಟಿ ಕೇಳುತ್ತಿತ್ತು.

ದ್ರಾಕ್ಷಾಯಿಣಿ ರೊಟ್ಟಿ ತಿನ್ನಲು ನನ್ನ ಅಂಗಡಿಗೆ ಬರುತ್ತಿದ್ದಳು. “ಅಕ್ಕಾರ, ಇವತ್ತ ಮೂರು ಮಂದಿನ್ನ ತೊಳದ ಹಾಕಿದೆ,” ಎಂದು ನಗುತ್ತಿದ್ದಳು. ಅವಳ ನಗೆ ದೊಡ್ಡದು, ಗಲ್ಲಿಯ ತುದಿಗೆ ಕೇಳುತ್ತಿತ್ತು. ತಿನ್ನುತ್ತ ತಿನ್ನುತ್ತ ಎಡಗೈಯಲ್ಲಿ ರೊಟ್ಟಿ, ಬಲಗೈಯಲ್ಲಿ ನನ್ನ ಸೀಮೆಸುಣ್ಣ. ಕಟಿಂಗ್ ಕಾಗದದ ಮೇಲೆ ಎದುರಿಗೆ ಕೂತ ಗಿರಾಕಿಯ ಜೋಲು ಗಲ್ಲ, ಸೊಟ್ಟ ಮೂಗು ಇದ್ದಹಾಗೆ ಇಳಿಯುತ್ತಿದ್ದವು. ಒಬ್ಬ ಗೌಡತಿ ಅದನ್ನು ಕಂಡು ಸಿಟ್ಟಾಗಿ ಮತ್ತೆ ನನ್ನ ಅಂಗಡಿ ಹತ್ತಲಿಲ್ಲ. ಹೋಗಲಿ ಬಿಡಿ, ಆ ಮೂಗು ಅವಳದೇ.

ಅವಳು ಎಲ್ಲಕ್ಕಿಂತ ಹೆಚ್ಚು ಬರೆದದ್ದು ತನ್ನ ಅಜ್ಜಿ ಯಮನವ್ವನನ್ನು. ನೆಲದ ಮೇಲೆ ಕಾಲು ಚಾಚಿದ ಅಜ್ಜಿ, ಕೋಳಿಗೆ ಬೈಯುವ ಅಜ್ಜಿ, ಮೂಗಿಗೆ ತಪಕೀರು ಏರಿಸಿ ಸೀನಲು ಬಾಯಿ ತೆರೆದ ಅಜ್ಜಿ. ಮುದುಕಿಯ ಬಲಗಣ್ಣು ಬೆಳ್ಳಗೆ. ಚಿಕ್ಕಂದಿನಲ್ಲಿ ಜೋಳದ ಕೂಳೆ ಚುಚ್ಚಿ ಹೂ ಬಿದ್ದದ್ದಂತೆ. ಇನ್ನೊಂದು ಕಣ್ಣಿನಲ್ಲಿ ಮಾತ್ರ ಊರನ್ನೇ ಮಾರಿ ಬರುವಂಥ ಕಿಡಿಗೇಡಿ ಬೆಳಕು. ಚಿತ್ರ ನೋಡಿಯೇ ನನಗೆ ಆ ಮುದುಕಿಯ ಮೇಲೆ ಪ್ರೀತಿ ಬಂತು. ಕುಬಸ ಹೊಲಿಸಲು ಒಮ್ಮೆ ಬಂದವಳು ಮೊಮ್ಮಗಳ ತಲೆಗೆ ಮೊಟಕಿ ನನಗೆ ಹೇಳಿದ್ದಳು: “ನೋಡವ್ವಾ, ಮೊದಲ ಇಕಿ ನನ್ನ ಕುರುಡಗಣ್ಣ ಬಿಟ್ಟು ಬರೀತಿದ್ಲು, ಅಜ್ಜಿಗೆ ಬ್ಯಾಸರ ಆದೀತಂತ. ನಾ ಬೈದೆ. ಅದನ್ನ ಬಿಟ್ರ ಅದು ನಾನ ಅಲ್ಲ, ಯಾರೋ ಹಾದ್ಯಾಗ ಹೋಗಾಕಿ ಅಂದೆ.”

ಈಗ ಸತ್ತವರ ವಿಷಯಕ್ಕೆ ಬರುತ್ತೇನೆ. ನಮ್ಮ ಲಿಂಗಾಯತರ ಮನೆಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಗೋಡೆಗೆ ಒರಗಿಸಿ, ಹಣೆತುಂಬ ವಿಭೂತಿ ಧರಿಸಿ, ಹೊಸ ಸೀರೆ ಉಡಿಸಿ, ಹೂವಿನ ನಡುವೆ ಪೂಜೆಗೆ ಕೂತವರ ಹಾಗೆ ಕೂಡಿಸುತ್ತಾರೆ. ಅದರಲ್ಲಿ ನನಗೆ ಯಾವ ಹೇಸಿಗೆಯೂ ಇಲ್ಲ, ನಾಳೆ ನನ್ನನ್ನೂ ಹಾಗೆಯೇ ಕೂಡಿಸಲಿ. ಹೇಸಿಗೆ ಇರುವುದು ಆಮೇಲಿನದರಲ್ಲಿ. ಮಕ್ಕಳ ಮೊಬೈಲಿನಲ್ಲಿ ಧಾಬಾದ ತಾಟಿನ ಫೋಟೋ ರಾಶಿ ಇರುತ್ತವೆ, ಅವ್ವನದು ನೆಟ್ಟಗೆ ಒಂದೂ ಇರುವುದಿಲ್ಲ. ಹೆಣ ಕೂಡಿಸಿದ ಮೇಲೆ ನೆನಪಾಗುತ್ತದೆ. ಅವಸರಕ್ಕೆ ಫೋಟೋದವನನ್ನು ಕರೆಸಿ ಹೊಡೆಸುತ್ತಾರೆ. ಕಣ್ಣು ಮುಚ್ಚಿದ ಫೋಟೋ ಗೋಡೆಗೆ ಹಾಕಲಾಗದು ನೋಡಿ, ಅದನ್ನು ಹಿಡಿದುಕೊಂಡು ಬಸವಲಿಂಗನ ಬಾಗಿಲಿಗೆ ಬರುತ್ತಾರೆ.

“ಮಾಸ್ತರ, ಕಣ್ಣ ತೆರಿಸಿ ಕೊಡ್ರಿ.”

ಗೋಕಾಕ, ಮೂಡಲಗಿ, ಹುಕ್ಕೇರಿ, ಮೂರೂ ತಾಲೂಕಿನಿಂದ ಜನ ಈ ಕೆಲಸಕ್ಕೆ ಅವನ ಹತ್ತಿರವೇ ಬರುತ್ತಿದ್ದರು. ಆ ಕೆಲಸ ದ್ರಾಕ್ಷಾಯಿಣಿಯ ಪಾಲಿಗೆ ಬಂತು. ಮೊದಲ ದಿನ ಅವಳು ಪಾಪ ಶ್ರದ್ಧೆಯಿಂದ ಕೇಳಿದಳು, “ಕಾಕಾ, ನಿಮ್ಮವ್ವನ ಕಣ್ಣ ಹೆಂಗಿದ್ದುವ್ರಿ? ದೊಡ್ಡವೋ, ಸಣ್ಣವೋ? ನಗುವಾಗ ಮುಚ್ಚತಿದ್ದುವೇನ?”

ಆ ಮಗರಾಯ ತಲೆ ಕೆರೆದುಕೊಂಡ. “ಕಣ್ಣ… ಕಣ್ಣಿನಂಗ ಇದ್ದುವು.”

ಹಲಗೆಯ ಈ ಕಡೆ ನನ್ನ ಕೈಯಲ್ಲಿನ ಕತ್ತರಿ ನಿಂತುಹೋಯಿತು. ಹೊತ್ತು ಹೆತ್ತವಳ ಮುಖವನ್ನು ನಾಲ್ವತ್ತು ವರ್ಷ ನೋಡಿದವನ ಮಾತು ಇದು! ಬಸವಲಿಂಗ ಮಾತ್ರ ನಕ್ಕ. ಗಿರಾಕಿ ಹೋದ ಮೇಲೆ ಹುಡುಗಿಗೆ ಹೇಳಿದ, “ಹಿಂಗ ಕೇಳ್ಕೋತ ಕುಂತ್ರ ಸಂಜಿ ಆಗತೈತಿ. ಇಲ್ಲಿ ನೋಡು, ತಯಾರ ಕಣ್ಣ ಇಟ್ಟೀನಿ. ಗಂಡಸರಿಗೆ ಎರಡು ಜೋಡಿ, ಹೆಂಗಸರಿಗೆ ಒಂದು. ಎತ್ತಿ ಹಚ್ಚೂದು, ಬಣ್ಣ ಕೂಡಿಸೂದು. ಮುಗೀತು.”

ಅವಳು ಎತ್ತಿ ಹಚ್ಚತೊಡಗಿದಳು. ಅದಾದ ಮೇಲೆ ಅವಳ ನಗೆ ಸಣ್ಣದಾಯಿತು. ಒಂದು ಮಧ್ಯಾಹ್ನ ರೊಟ್ಟಿ ತಿನ್ನುತ್ತ ನನ್ನ ಮುಖ ಬರೆಯುತ್ತಿದ್ದಳು. ನನ್ನ ಎಡಗಣ್ಣಿನ ರೆಪ್ಪೆ ತುಸು ಇಳಿದಿದೆ. ಎಳವೆಯಲ್ಲಿ ಬಾಗಿಲ ಅಗಳಿ ಬಡಿದದ್ದು. ಅಲ್ಲಿಗೆ ಬಂದವಳೇ ಸೀಮೆಸುಣ್ಣ ನಿಲ್ಲಿಸಿ ನನ್ನನ್ನೇ ನೋಡಿದಳು. ಮುಖ ಬಿಳಿಚಿಕೊಂಡಿತು. ಕಾಗದ ಮಡಚಿ ಬುತ್ತಿಗಂಟಿನಲ್ಲಿ ತುರುಕಿ ಎದ್ದು ಹೋದಳು. ರೊಟ್ಟಿ ಅರ್ಧಕ್ಕೇ ಬಿಟ್ಟಿದ್ದಳು. ಮೈಯಲ್ಲಿ ಹುಷಾರಿಲ್ಲವೇನೋ ಎಂದು ನಾನು ಸುಮ್ಮನಾದೆ.

ಆ ಬೇಸಿಗೆಯಲ್ಲಿ ಮೂಡಲಗಿಯ ಶೋಭಾ ಎಂಬ ಗಿರಾಕಿಯ ಮನೆಗೆ ಲಗ್ನದ ಕುಬಸಗಳನ್ನು ಮುಟ್ಟಿಸಲು ನಾನೇ ಹೋದೆ. ಪಡಸಾಲೆಯ ಕಟ್ಟೆಯ ಮೇಲೆ ಕೂಡಿಸಿ ಹೋಳಿಗೆ ಬಡಿಸಿದರು, ಮೇಲೆ ತುಪ್ಪ. ಮೊದಲ ತುತ್ತು ಬಾಯಿಗಿಟ್ಟು ತಲೆ ಎತ್ತಿದೆ. ಎದುರಿನ ಗೋಡೆಯ ಮೇಲೆ ಹಾರ ಹಾಕಿದ ದೊಡ್ಡ ಫೋಟೋ. ಅದರೊಳಗಿನ ಮುದುಕಿ ನನ್ನನ್ನೇ ನೋಡುತ್ತಿದ್ದಳು.

“ನಮ್ಮ ಅತ್ತಿ ಫಕೀರವ್ವ,” ಅಂದಳು ಶೋಭಾ. “ಮುಂಜಾನೆದ್ದು ಮೊದಲ ಈ ಕಣ್ಣಿಗೆ ಕೈ ಮುಗದ ಮುಂದಿನ ಕೆಲಸ ನೋಡ್ರಿ. ಎಂಥಾ ಕರುಣಾ ಐತಿ!”

ಎಡಗಣ್ಣಿನ ರೆಪ್ಪೆ ತುಸು ಇಳಿದಿತ್ತು. ಹುಬ್ಬಿನ ತುದಿಯಲ್ಲಿ ಅಗಳಿ ಬಡಿದ ಗೆರೆಯೂ ಇತ್ತು. ದಿನಾ ಕನ್ನಡಿಯಲ್ಲಿ ನೋಡುವ ನನ್ನ ಕಣ್ಣು ನನಗೆ ಗೊತ್ತಾಗುವುದಿಲ್ಲವೇ? ಸತ್ತ ಹೆಂಗಸಿನ ಮುಖದಲ್ಲಿ ಕೂತು ಅವು ನನ್ನ ತಾಟನ್ನೇ ನೋಡುತ್ತಿದ್ದವು. ಬಾಯಲ್ಲಿನ ತುತ್ತು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಸೆರಗು ಬಾಯಿಗೊತ್ತಿಕೊಂಡು ಹಿತ್ತಲಿಗೆ ಓಡಿದೆ. ಪಿತ್ತ ಆಗಿರಬೇಕೆಂದು ಅವರು ನಿಂಬೆಹಣ್ಣು ಹಿಂಡಿ ಕೊಟ್ಟರು.

ಗೋಕಾಕಕ್ಕೆ ಮರಳಿದವಳು ನನ್ನ ಅಂಗಡಿಗೂ ಹೋಗದೆ ನೇರ ಬಸವಲಿಂಗನ ಎದುರು ನಿಂತೆ. “ಏನೋ ಬಾಡ್ಯಾ, ನಾ ಇನ್ನೂ ಜೀವಂತ ಅದೀನೋ! ನನ್ನ ಕಣ್ಣ ಕಿತ್ತು ಹೆಣಕ್ಕ ಹಚ್ಚೀಯೇನ?”

ಅವನಿಗೆ ನಾಚಿಕೆಯೂ ಇಲ್ಲ, ಗಾಬರಿಯೂ ಇಲ್ಲ. ಹಿಂದೊಮ್ಮೆ ಹೊಲಿಗೆ ತರಬೇತಿಯ ಸರ್ಟಿಫಿಕೇಟಿಗೆಂದು ಅವನ ಹತ್ತಿರವೇ ನಾನು ಫೋಟೋ ತೆಗೆಸಿದ್ದೆ. ಅದರಿಂದ ಕತ್ತರಿಸಿ ಇಟ್ಟುಕೊಂಡಿದ್ದ. “ಸಿಟ್ಟಾಗಬ್ಯಾಡ್ರಿ ಬಾಯಾರ. ಖರೆ ಹೇಳ್ತೀನಿ, ನಿಮ್ಮ ಕಣ್ಣಾಗ ಏನೋ ಒಂದು ಐತ್ರಿ. ರೆಪ್ಪಿ ಒಂದೀಟ ಇಳದೈತಲ್ಲ, ಮುದುಕಿಯರಿಗೆ ಹೇಳಿ ಮಾಡಿಸಿದಂಗ ಕೂಡತೈತಿ. ಪುಣ್ಯಾ ಬರತೈತಿ ನಿಮಗ.”

ಪುಣ್ಯ! ಕಾಲಲ್ಲಿನ ಚಪ್ಪಲಿ ಕೈಗೆ ಬಂದಿತ್ತು. ದ್ರಾಕ್ಷಾಯಿಣಿ ಅಡ್ಡ ಬರದಿದ್ದರೆ ಆ ದಿನ ಅವನ ಕಣ್ಣು ತೆರೆಸಲು ಬೇರೆ ಯಾರನ್ನಾದರೂ ಕರೆಯಬೇಕಾಗುತ್ತಿತ್ತು. ನನ್ನ ಕಣ್ಣನ್ನು ಅಳಿಸಿಹಾಕುತ್ತೇನೆ ಎಂದು ಲಿಂಗ ಮುಟ್ಟಿ ಆಣೆ ಮಾಡಿದ. ಅವನ ಲಿಂಗವೂ ಅವನನ್ನು ನಂಬಿರಲಿಕ್ಕಿಲ್ಲ.

ಹುಡುಗಿ ನನ್ನ ಹಿಂದೆಯೇ ಬಂದು ಬಟ್ಟೆಯ ರಾಶಿಯ ಮೇಲೆ ಕುಕ್ಕರಿಸಿದಳು. “ನನಗ ಗೊತ್ತಿತ್ರಿ ಅಕ್ಕಾರ. ನಿಮ್ಮ ಚಿತ್ರಾ ಬರಿಯೂ ದಿನಾನ ಗೊತ್ತಾತು.”

“ಗೊತ್ತಿದ್ದೂ ಹಚ್ಕೋತ ಕುಂತಿ?”

“ಮಾಡೂದಿಲ್ಲ ಅಂದ್ರ ಮಾಸ್ತರ ಅಪ್ಪನ ಮುಂದ ಊಹೂಂ ಅಂತಾರ್ರಿ. ಇದೊಂದು ವರ್ಷ ಹೆಂಗರ ಕಳೀಲಿ ಅಂತ…” ಅಂಗೈಗಳನ್ನು ಲಂಗಕ್ಕೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ನನಗೆ ಅವಳ ಮೇಲೆ ಸಿಟ್ಟು ಬಂತು, ಸಂಕಟವೂ ಆಯಿತು. ಒಂದು ಏಟು ಹಾಕಬೇಕೆಂದು ಎತ್ತಿದ ಕೈಯಿಂದ ಅವಳ ತಲೆ ಸವರಿದೆ.

ಪಿಯುಸಿ ಪರೀಕ್ಷೆ ಮುಗಿದು ಕಾಲೇಜಿಗೆ ಅರ್ಜಿ ಹಾಕುವ ಹೊತ್ತಿಗೆ ಯಮನವ್ವ ತೀರಿಕೊಂಡಳು. ಕೋಳಿಗೆ ಕಾಳು ಹಾಕುತ್ತ ಅಲ್ಲೇ ಕೂತವಳು ಏಳಲಿಲ್ಲವಂತೆ. ಅವಳನ್ನೂ ಗೋಡೆಗೆ ಒರಗಿಸಿ ಕೂಡಿಸಿದರು. ಬಸವಲಿಂಗನೇ ಹೋಗಿ ಫೋಟೋ ಹೊಡೆದುಕೊಂಡು ಬಂದ. ಮಣ್ಣು ಮುಗಿದ ಮೇಲೆ ಕೆಂಚಪ್ಪ ಸ್ಟುಡಿಯೋಕ್ಕೆ ಬಂದು ಬಾಗಿಲಲ್ಲೇ ನಿಂತು ಹೇಳಿದ, “ನಮ್ಮವ್ವನ ಫೋಟೋ ಇಕೀನ ಮಾಡ್ಲಿ. ಆರಾಧನಿ ದಿನ ಬಂಧು ಬಳಗ ಎಲ್ಲಾ ಕೂಡತೈತಿ. ಅವರು ಏನಂತಾರ, ನೀವೇನಂತೀರಿ ನೋಡಿ ಧಾರವಾಡದ ಮಾತ ಮುಗಸೂನು.”

ಅವನು ಹೋದ ಮೇಲೆ ಬಸವಲಿಂಗ ಹುಡುಗಿಗೆ ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು. “ಶಾಣ್ಯಾಕಿ ಇದ್ದಿ. ಎಂದಿನಂಗ ಹಚ್ಚಿಬಿಡು. ಬಳಗ ಕೈ ಮುಗೀತೈತಿ, ನಾ ಹ್ಞೂ ಅಂತೀನಿ, ನೀ ಬಸ್ ಹತ್ತು.” ಆಣೆ ಮಾಡಿದವನ ಕಂಪ್ಯೂಟರಿನಲ್ಲಿ ನನ್ನ ಕಣ್ಣು ಹಾಗೇ ಇದ್ದವು!

ದ್ರಾಕ್ಷಾಯಿಣಿ ಕಂಪ್ಯೂಟರ್ ಮುಟ್ಟಲಿಲ್ಲ. ನನ್ನ ಅಂಗಡಿಯ ಮೂಲೆಯಲ್ಲಿ ಕೂತು ದಪ್ಪ ಕಾಗದದ ಮೇಲೆ ಪೆನ್ಸಿಲು ಹಿಡಿದಳು. ಯಾವ ಫೋಟೋವನ್ನೂ ಎದುರಿಗಿಟ್ಟುಕೊಳ್ಳಲಿಲ್ಲ. ಏನು ಮಾಡುತ್ತಾಳೆಂದು ನನಗೆ ತಿಳಿದುಹೋಯಿತು. ಈ ಹೇಸಿಗೆಯನ್ನೆಲ್ಲ ನುಂಗಿಕೊಂಡು ನಾನೇ ಅವಳಿಗೆ ಹೇಳಿದೆ, “ಹುಚ್ಚಿ, ನಿನ್ನ ನಸೀಬ ಇದರ ಮ್ಯಾಲೆ ನಿಂತೈತಿ. ಹಚ್ಚಿಬಿಡು ನನ್ನ ಕಣ್ಣ. ಇಷ್ಟ ಮನಿಗೆ ಹೋಗ್ಯಾವ, ನಿಮ್ಮ ಮನಿಗೂ ಹೋಗ್ಲಿ. ನಾ ಕೊಟ್ಟೀನಿ ಅನ್ಕೋ.”

ಅವಳು ತಲೆ ಎತ್ತಲಿಲ್ಲ. “ನಮ್ಮಜ್ಜಿಗೆ ಬ್ಯಾಡ್ರಿ ಅಕ್ಕಾರ.”

ಶಿವಗಣಾರಾಧನೆಗೆ ನಾನೂ ಮಮದಾಪುರಕ್ಕೆ ಹೋದೆ. ಅಂಗಳದ ತುಂಬ ಜನ, ಹುಗ್ಗಿಯ ವಾಸನೆ. ಕೆಂಚಪ್ಪ ಮಗಳ ಕೈಯಿಂದ ಚೌಕಟ್ಟು ತೆಗೆದುಕೊಂಡು ಮೇಲಿನ ಬಟ್ಟೆ ಸರಿಸಿ ಪೂಜೆಯ ಉದ್ದ ಹಲಗೆಯ ಮೇಲಿಟ್ಟ. ಯಮನವ್ವ ಅಲ್ಲಿದ್ದಳು. ಮೂಗಿನ ತುದಿಗೆ ತಪಕೀರಿನ ಕಲೆ, ಬಾಯಲ್ಲಿ ಎರಡೇ ಹಲ್ಲು, ಬಲಗಣ್ಣಿನಲ್ಲಿ ಬಿಳಿ ಹೂವು, ಎಡಗಣ್ಣಿನಲ್ಲಿ ಅದೇ ಕಿಡಿಗೇಡಿ ಬೆಳಕು. ಈಗ ಬೈದೇ ಬಿಡುತ್ತಾಳೆ ಅನ್ನಿಸಿತು.

“ಯವ್ವಾ, ಇದೇನ ಹೇಸಿಗಿ!” ಅಂದಳು ಯಮನವ್ವನ ಮಗಳು ರಾಮವ್ವ. “ಸತ್ತಾಕಿನ್ನ ಮಂದಿ ಮುಂದ ಕುರುಡಿ ಮಾಡಿ ಇಟ್ಟಾಳ! ಮುಚ್ರಿ ಅದನ್ನ.”

“ಮೂಗಾದ್ರೂ ಒರಸಬಾರ್ದಾ?” ಅಂದಳು ಇನ್ನೊಬ್ಬಳು. ಜನ ಗುಸುಗುಸು ಅಂದಿತು. ಕೆಂಚಪ್ಪನ ಮುಖ ಕಪ್ಪಿಟ್ಟಿತು. ಆಗ ಬಸವಲಿಂಗ ಮುಂದೆ ಬಂದ. ಹುಡುಗಿ ಕಂಪ್ಯೂಟರ್ ಮುಟ್ಟದ್ದನ್ನು ಕಂಡು ಇದನ್ನೇ ಕಾಯುತ್ತ ಕೂತಿದ್ದ ಕಳ್ಳ, ಪುಕ್ಕಟೆ ದುಡಿಯುವ ಕೈ ಬಿಡಲು ಮನಸ್ಸಿಲ್ಲ. ಕೈಯಲ್ಲಿ ಅವನದೇ ಫೋಟೋ, ಜರಿಸೀರೆಯ ಯಮನವ್ವ, ಬೆಳ್ಳಗೆ ತೊಳೆದ ಗಲ್ಲ, ಹಿಂದೆ ಕೈಲಾಸ. “ಹುಡುಗಿದು ಕೈ ಇನ್ನೂ ಕೂಡಿಲ್ರಿ. ಇನ್ನೆರಡು ವರ್ಷ ನನ್ನ ಹಂತ್ಯಾಕ ಇರ್ಲಿ. ಹಿಂಗ ಆದೀತಂತ ನಾನ ಒಂದು ಮಾಡ್ಕೊಂಡ ಬಂದೀನಿ.”

ಅದನ್ನಿಟ್ಟರು. ಅಂಗಳವೇ ಅತ್ತಿತು ನೋಡಿ! ರಾಮವ್ವ ಚೌಕಟ್ಟು ಅಪ್ಪಿಕೊಂಡು, “ಅವ್ವಾ, ಹೆಂಗ ನೋಡಾಕತ್ತೀಬೇ ನನ್ನ!” ಎಂದು ಹಾಡಿಕೊಂಡು ಅತ್ತಳು. ಕೆಂಚಪ್ಪ ಅಡ್ಡಬಿದ್ದ. ತಲೆ ಎತ್ತಿ ಆ ಕಣ್ಣುಗಳನ್ನೇ ನೋಡುತ್ತ, “ತಪ್ಪಾತವ್ವಾ, ಕಡೀಕಾಲಕ್ಕ ನಿನ್ನ ಹಂತ್ಯಾಕ ಇರಲಿಲ್ಲ,” ಅಂದ. ಅವನು ನೋಡುತ್ತಿದ್ದದ್ದು ನನ್ನ ಕಣ್ಣು. ನಾನು ಅವನ ಹಿಂದೆಯೇ ನಿಂತಿದ್ದೆ. ಮೈಮೇಲೆ ಹುಳ ಹರಿದ ಹಾಗಾಯಿತು.

ಗೋಡೆಗೆ ಒತ್ತಿ ನಿಂತ ದ್ರಾಕ್ಷಾಯಿಣಿ ಅಳುತ್ತಿರಲಿಲ್ಲ. ತನ್ನ ಚಿತ್ರವನ್ನು ಎದೆಗೆ ಅವುಚಿಕೊಂಡು ಬಾಗಿಲ ಕಡೆ ನೋಡುತ್ತಿದ್ದಳು. ಇನ್ನೆರಡು ವರ್ಷ ಆ ಕುರ್ಚಿ, ಆಮೇಲೆ ಯಾವನದೋ ಮನೆ. ನನಗೆ ತಡೆಯಲಾಗಲಿಲ್ಲ. ಜನರನ್ನು ಸರಿಸಿ ಹೋಗಿ ಆ ಫೋಟೋದ ಪಕ್ಕದಲ್ಲೇ ಹಲಗೆಯ ಮೇಲೆ ಕೂತೆ.

“ಕೆಂಚಪ್ಪ, ನನ್ನ ಮಾರಿ ನೋಡ್ರಿ. ಈಗ ಅದರ ಮಾರಿ ನೋಡ್ರಿ.”

ನೋಡಿದ. ಇನ್ನೊಮ್ಮೆ ನೋಡಿದ. ರಾಮವ್ವ ನನ್ನ ರೆಪ್ಪೆ ನೋಡಿ, ಫೋಟೋದ ರೆಪ್ಪೆ ನೋಡಿ, ಚೌಕಟ್ಟು ಬಿಟ್ಟು ಸೆರಗಿಗೆ ಕೈ ತಿಕ್ಕಿಕೊಂಡಳು. “ಶಿವ ಶಿವಾ,” ಅಂದರು ಯಾರೋ. ಬಸವಲಿಂಗ ಮಾತ್ರ ಆಗಲೇ ಹುಗ್ಗಿಯ ಪಂಕ್ತಿಯಲ್ಲಿ ಕೂತು ತುಪ್ಪ ಹಾಕಿಸಿಕೊಳ್ಳುತ್ತಿದ್ದ.

ಕೆಂಚಪ್ಪ ಅವನ ಕಡೆ ತಿರುಗಲಿಲ್ಲ. ಮಗಳ ಕಡೆ ತಿರುಗಿದ. “ಇದು ನಿನಗ ಗೊತ್ತಿತ್ತೇನ?”

“ಹ್ಞೂನಪಾ.”

“ಮಂದಿ ಮನ್ಯಾಗ ನೀನೂ ಹಿಂಗ ಮಾಡೀಯೇನ?”

“ಭಾಳ ಮನ್ಯಾಗ ಮಾಡೀನಿ.”

“ಯಾಕ ಮಾಡಿದಿ?”

“ಮಾಸ್ತರ ಹ್ಞೂ ಅಂದ್ರಷ್ಟ ಕಳಸ್ತೀನಿ ಅಂದಿದ್ಯಲ್ಲಪಾ ನೀನು. ಹ್ಞೂ ಅನ್ನಿಸ್ಕೊಳ್ಳಾಕ ಮಾಡಿದೆ. ಇನ್ನೂ ಇಲ್ಲೇ ಇಟ್ರ ಇನ್ನೂ ಮಾಡ್ತೀನಿ.”

ಕೆಂಚಪ್ಪ ಬಸವಲಿಂಗ ತಂದ ಫೋಟೋ ಎತ್ತಿ ಮುಖ ಕೆಳಗೆ ಮಾಡಿ ಕಣಕಿಯ ಬಣವೆಯ ಹಿಂದೆ ಇಟ್ಟು ಬಂದ. ಮಗಳ ಕೈಯಲ್ಲಿದ್ದುದನ್ನು ತೆಗೆದುಕೊಂಡು ಹಲಗೆಯ ಮೇಲಿಟ್ಟ. ಬಳಗದ ಅರ್ಧ ಜನ ಅದಕ್ಕೆ ಕೈ ಮುಗಿಯದೆ ಉಂಡು ಎದ್ದು ಹೋದರು, ರಾಮವ್ವನೂ. ಅವಳು ಇವತ್ತಿಗೂ ಆ ಕೋಣೆಗೆ ಕಾಲಿಡುವುದಿಲ್ಲವಂತೆ. ಪಂಕ್ತಿ ಮುಗಿದ ಮೇಲೆ ಕೆಂಚಪ್ಪ ಹಿತ್ತಲಲ್ಲಿ ಮುಖ ತೊಳೆದುಕೊಂಡು ಬಂದು ಮಗಳನ್ನು ಕೇಳಿದ್ದು ಇಷ್ಟೇ: “ಧಾರವಾಡಕ್ಕ ಎಂದ ಹೋಗಬೇಕು?”

ಈಗ ಧಾರವಾಡದ ಕಾಲೇಜಿನಲ್ಲಿ ಅವಳದು ಎರಡನೇ ವರ್ಷ. ಸೂಟಿಗೆ ಬಂದರೆ ನನ್ನ ಅಂಗಡಿಗೆ ಬಂದೇ ಬರುತ್ತಾಳೆ. ನಗೆ ಮತ್ತೆ ದೊಡ್ಡದಾಗಿದೆ, ಕೂದಲು ಗಿಡ್ಡವಾಗಿದೆ, ಊರವರ ಬಾಯಿಗೆ ಅದಷ್ಟು ಸಾಕು. ಬಸವಲಿಂಗನ ಸ್ಟುಡಿಯೋಕ್ಕೆ ಎರಡನೆಯ ಮಶೀನು ಬಂದಿದೆ. ನನ್ನ ಕಣ್ಣನ್ನು ನನ್ನ ಎದುರಿಗೇ ಅಳಿಸಿಹಾಕಿಸಿದೆ. ಹೋದದ್ದು ಹೋಯಿತು. ಗೋಡೆಗೆ ಏರಿದ್ದನ್ನು ಮನೆಮನೆಗೆ ಹೋಗಿ ಇಳಿಸಲು ಬರುತ್ತದೆಯೇ?

ಕಳೆದ ಸೂಟಿಯಲ್ಲಿ ನಾನು ಅವಳಿಗೆ ಹೇಳಿದೆ, “ನನ್ನ ಬರದ ಬಿಡು. ಜೀವಂತ ಇದ್ದಾಗ, ನನ್ನ ಮಾರೀಗೆ ನನ್ನ ಕಣ್ಣ ಹಚ್ಚಿ.” ಬರೆದಳು. ಬಣ್ಣದಲ್ಲಿ, ಕ್ಯಾನ್ವಾಸಿನ ಮೇಲೆ. ಬಾಯಲ್ಲಿ ಟಾಚಣಿ, ಕೊರಳಲ್ಲಿ ಟೇಪು, ಇಳಿದ ರೆಪ್ಪೆ, ಬೈಯಲು ತಯಾರಾದ ಮುಖ. ನನಗೆ ಬಹಳ ಖುಷಿಯಾಯಿತು. ಮಶೀನಿನ ಮೇಲ್ಗಡೆ ಮೊಳೆ ಹೊಡೆದು ನಾನೇ ತೂಗುಹಾಕಿದೆ.

ಮರುದಿನ ಹುಕ್ಕೇರಿ ಕಡೆಯ ಘೋಡಗೇರಿಯಿಂದ ಒಬ್ಬ ಹೆಂಗಸು ಕುಬಸ ಹೊಲಿಸಲು ಬಂದಳು. ದ್ರಾಕ್ಷಾಯಿಣಿ ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದಳು. ಹೆಂಗಸು ಒಳಗೆ ಬಂದು ತಲೆ ಎತ್ತಿದವಳೇ ಹಿಂದೆ ಸರಿದು ಚಪ್ಪಲಿ ಬಿಟ್ಟಳು. ಎರಡೂ ಕೈ ಮುಗಿದಳು.

“ನಮ್ಮವ್ವ ನಿಮ್ಮಲ್ಲಿ ಹೆಂಗ ಬಂದಾಳ್ರಿ?”

“ಅದು ನಿಮ್ಮವ್ವ ಅಲ್ರಿ, ನಾನು,” ಅಂದೆ.

ಅವಳು ನನ್ನನ್ನು ನೋಡಿದಳು, ಚಿತ್ರ ನೋಡಿದಳು. “ಮಾರಿ ನಿಮ್ಮದ ಖರೆ. ಕಣ್ಣ ನಮ್ಮವ್ವನವು. ದಿನಾ ದೀಪಾ ಹಚ್ಚತೀನ್ರಿ, ನನಗ ಗೊತ್ತಾಗೂದಿಲ್ಲೇನ?”

ದ್ರಾಕ್ಷಾಯಿಣಿ ಚಹಾದ ಗ್ಲಾಸು ಕೆಳಗಿಟ್ಟಳು. ಚೀಲದಿಂದ ಕಾಗದ, ಪೆನ್ಸಿಲು ತೆಗೆದು ಆ ಹೆಂಗಸಿನ ಎದುರು ನೆಲದ ಮೇಲೆ ಕೂತಳು. “ಅಕ್ಕಾರ, ಆ ಫೋಟೋಕ್ಕ ಕಣ್ಣ ಹಚ್ಚಿದಾಕಿ ನಾನ. ಅವು ನಿಮ್ಮವ್ವನವಲ್ರಿ. ನಿಮ್ಮವ್ವನ ಖರೇ ಕಣ್ಣ ಹೆಂಗಿದ್ದುವು, ನೀವು ಹೇಳ್ಕೋತ ಹೋಗ್ರಿ, ನಾ ಬರದಕೊಡ್ತೀನಿ. ಎಷ್ಟ ಹೊತ್ತಾದ್ರೂ ಆಗ್ಲಿ.”

ಹೆಂಗಸು ಕಣ್ಣು ಮುಚ್ಚಿದಳು. ಹುಬ್ಬು ಗಂಟಿಕ್ಕಿ ಬಹಳ ಹೊತ್ತು ನೆನೆಸಿಕೊಂಡಳು. ಕಡೆಗೆ ಕಣ್ಣು ತೆರೆದು ಗೋಡೆಯ ಕಡೆ ಬೆರಳು ತೋರಿಸಿದಳು.

“ಈ ಕಣ್ಣರೀ. ಬ್ಯಾರೆ ನನಗ ನೆನಪಿಗೆ ಬರವಲ್ಲವು.”

ದ್ರಾಕ್ಷಾಯಿಣಿ ಪೆನ್ಸಿಲು ಹಿಡಿದು ಕೂತೇ ಇದ್ದಳು. ಕಾಗದ ಖಾಲಿ ಇತ್ತು. ಹೆಂಗಸು ಸೆರಗಿನಿಂದ ಮುಖ ಒರೆಸಿಕೊಂಡು, ಕುಬಸ ಎಂದು ಕೊಡುತ್ತೀರಿ ಎಂದು ಕೇಳಿದಳು. ಸೋಮವಾರ ಬರ್ರಿ ಅಂದೆ. ಕೊರಳಿನ ಟೇಪು ತೆಗೆದು ಅಳತೆ ತೆಗೆದುಕೊಂಡೆ. ಅಷ್ಟೂ ಹೊತ್ತು ಅವಳು ನನ್ನನ್ನು ನೋಡಲಿಲ್ಲ, ನನ್ನ ತಲೆಯ ಮೇಲಿನ ಚಿತ್ರವನ್ನೇ ನೋಡುತ್ತಿದ್ದಳು.